ಅಕ್ಷಾಂಶ ಮತ್ತು ರೇಖಾಂಶ

ಭೂಮಿಯ ಮೇಲಿನ ಸ್ಥಳವನ್ನು ಗುರುತಿಸುವ ಎರಡು ಕೋನಗಳು. ನಕಾಶೆಯಲ್ಲಿ ಜೋಡಿಯಾಗಿ ಕಂಡರೂ ಇವುಗಳ ಸ್ವಭಾವ ಬೇರೆ ಬೇರೆ. ಅಕ್ಷಾಂಶವನ್ನು ಆಕಾಶವೇ ತೋರಿಸುತ್ತದೆ. ರೇಖಾಂಶವನ್ನು ಕಾಲದಿಂದ ಲೆಕ್ಕಹಾಕಿ ಪಡೆಯಬೇಕು. ಬೆಂಗಳೂರಿನಲ್ಲಿ ಧ್ರುವ ನಕ್ಷತ್ರ ಉತ್ತರ ದಿಗಂತದಿಂದ ಸುಮಾರು 13 ಡಿಗ್ರಿ ಎತ್ತರದಲ್ಲಿರುತ್ತದೆ. ಊರಿನ ಅಕ್ಷಾಂಶವೂ ಅಷ್ಟೇ. ಅರಬ್ ನಾವಿಕರ ಕಮಾಲ್ ಅಳೆಯುತ್ತಿದ್ದುದು ಇದನ್ನೇ. ಅದೊಂದು ಪುಟ್ಟ ಹಲಗೆ, ನಡುವಿನಿಂದ ಹೊರಟ ಗಂಟುಗಳ ದಾರ. ದಾರವನ್ನು ಹಲ್ಲಲ್ಲಿ ಕಚ್ಚಿ, ಹಲಗೆಯ ಕೆಳಗಿನ ಅಂಚನ್ನು ದಿಗಂತಕ್ಕೂ ಮೇಲಿನ ಅಂಚನ್ನು ನಕ್ಷತ್ರಕ್ಕೂ ಹೊಂದಿಸಿದರೆ, ಯಾವ ಬಂದರಿನ ನೇರಕ್ಕೆ ಬಂದಿದ್ದೇವೆ ಎಂಬುದನ್ನು ಗಂಟೇ ಹೇಳುತ್ತಿತ್ತು.

ಪೂರ್ವ-ಪಶ್ಚಿಮಕ್ಕೆ ಇಂಥ ನಿಶ್ಚಲ ನಕ್ಷತ್ರವಿಲ್ಲ. ಭೂಮಿ ಗಂಟೆಗೆ 15 ಡಿಗ್ರಿ ತಿರುಗುವುದರಿಂದ, ಎರಡು ಊರುಗಳ ಸ್ಥಳೀಯ ಸಮಯದ ಅಂತರವೇ ಅವುಗಳ ರೇಖಾಂಶದ ಅಂತರ. ಗಡಿಯಾರ ಒಂದು ನಿಮಿಷ ತಪ್ಪಿದರೆ ಸಮಭಾಜಕದ ಬಳಿ ಹಡಗಿನ ಲೆಕ್ಕ ಸುಮಾರು 28 ಕಿಲೋಮೀಟರ್ ತಪ್ಪುತ್ತದೆ. ಬ್ರಿಟಿಷ್ ಸಂಸತ್ತು 1714ರಲ್ಲಿ 20,000 ಪೌಂಡ್‌ವರೆಗಿನ ಬಹುಮಾನ ಘೋಷಿಸಿದ್ದು ಕಡಲಲ್ಲಿ ರೇಖಾಂಶ ತಿಳಿಯುವ ವಿಧಾನಕ್ಕಾಗಿಯೇ. ಬಡಗಿಯ ಮಗ ಜಾನ್ ಹ್ಯಾರಿಸನ್ ಅದಕ್ಕಾಗಿ ದಶಕಗಳನ್ನು ಮುಡಿಪಿಟ್ಟು ಕಡಲ ಗಡಿಯಾರ ಕಟ್ಟಿದ.

ಗಡಿಯಾರವಿಲ್ಲದೆ, ಚಂದ್ರ ಮತ್ತು ನಕ್ಷತ್ರಗಳ ನಡುವಿನ ಕೋನದಿಂದಲೂ ರೇಖಾಂಶ ತಿಳಿಯುತ್ತಿತ್ತಲ್ಲ ಎಂಬ ಆಕ್ಷೇಪವುಂಟು. ನಿಜ, ಆದರೆ ಅಲ್ಲಿ ಚಂದ್ರನೇ ಗಡಿಯಾರದ ಮುಳ್ಳು. ಉಜ್ಜಯಿನಿಯನ್ನು ರೇಖಾಂಶ ಎಣಿಕೆಯ ಮೂಲರೇಖೆಯಾಗಿ ಹಿಡಿದ ನಮ್ಮ ಖಗೋಳ ಸಿದ್ಧಾಂತಿಗಳಿಗೂ ಈ ತತ್ತ್ವ ಗೊತ್ತಿತ್ತು. ಗ್ರಹಣದ ಸಮಯ ಹೋಲಿಸಿ ದೇಶಾಂತರ, ಅಂದರೆ ರೇಖಾಂಶದ ಅಂತರ, ತಿಳಿಯುವ ಕ್ರಮ ಸೂರ್ಯಸಿದ್ಧಾಂತದಲ್ಲಿದೆ. ಗ್ರಹಣಕ್ಕಾಗಿ ಹಡಗು ಕಾಯಲಾರದು, ಅಷ್ಟೇ. ಮೂಲರೇಖೆಯಂತೂ ಪೂರಾ ಮನುಷ್ಯರ ಒಪ್ಪಂದ: ಗ್ರೀನಿಚ್‌ಗೆ ಆ ಸ್ಥಾನ ಸಿಕ್ಕಿದ್ದು 1884ರ ವಾಷಿಂಗ್ಟನ್ ಸಮ್ಮೇಳನದಲ್ಲಿ.