ರಾಯದುರ್ಗ, ಮಡಕಶಿರಾ: ಕನ್ನಡಿಗರ ಮಕ್ಕಳು ಕೊಡಬೇಕಾದ ಪುರಾವೆ

1953ರ ಅಕ್ಟೋಬರ್ 1ರಂದು ಬಳ್ಳಾರಿ ನಗರವು ಮೈಸೂರು ರಾಜ್ಯಕ್ಕೆ ಸೇರಿದ ಸಂಭ್ರಮವನ್ನು ಆಚರಿಸಿತು. ವಿಲೀನೋತ್ಸವದ ಚಪ್ಪರವನ್ನು ಕಾಯುತ್ತಿದ್ದ ಪಿಂಜಾರ ರಂಜಾನ್ ಸಾಬರು ದಾಳಿಗೆ ಬಲಿಯಾದದ್ದರಿಂದ ಆ ಸಂಭ್ರಮಕ್ಕೆ ದುಃಖವೂ ಬೆರೆಯಿತು. ಕರ್ನಾಟಕ ಏಕೀಕರಣದ ಚರಿತ್ರೆಗಳಲ್ಲಿ ಆ ದಿನದ ಬಳ್ಳಾರಿಗೆ ಸಲ್ಲಬೇಕಾದ ಪುಟಗಳು ಸಂದಿವೆ. ಅದೇ ದಿನ, ಅದೇ ಕಾಯಿದೆಯ ಮೂಲಕ, ಅದೇ ಜಿಲ್ಲೆಯ ಮೂರು ತಾಲ್ಲೂಕುಗಳು ಹೊಸದಾಗಿ ಹುಟ್ಟಿದ ಆಂಧ್ರ ರಾಜ್ಯಕ್ಕೆ ಸೇರಿದುವು. ಆದವಾನಿ ಮತ್ತು ಆಲೂರು ಕರ್ನೂಲು ಜಿಲ್ಲೆಗೆ ಹೋದುವು. ರಾಯದುರ್ಗ ಅನಂತಪುರ ಜಿಲ್ಲೆಗೆ ಬಂದಿತು. ರಾಯದುರ್ಗದಲ್ಲಿ ಅಂದು ಯಾರೂ ಗಂಟುಮೂಟೆ ಕಟ್ಟಲಿಲ್ಲ, ಯಾರೂ ಗಡಿ ದಾಟಲಿಲ್ಲ. ದಾಟಿದ್ದು ಗಡಿಯೇ.

1950ರಲ್ಲಿ ರಾಯದುರ್ಗದ ಒಂದು ಮನೆಯಲ್ಲಿ ಹುಟ್ಟಿದ ಮಗುವನ್ನು ಊಹಿಸಿಕೊಳ್ಳಬಹುದು. ಅದರ ಜನನಸ್ಥಳ ಮದ್ರಾಸು ರಾಜ್ಯದ ಬಳ್ಳಾರಿ ಜಿಲ್ಲೆ. ಮೂರನೆಯ ವಯಸ್ಸಿನಲ್ಲಿ ಅದು ಆಂಧ್ರ ರಾಜ್ಯದ ಅನಂತಪುರ ಜಿಲ್ಲೆಯ ನಿವಾಸಿ. ಆರನೆಯ ವಯಸ್ಸಿನಲ್ಲಿ, 1956ರ ನವೆಂಬರ್ 1ರಿಂದ, ಆಂಧ್ರ ಪ್ರದೇಶದ ನಿವಾಸಿ. ಮನೆ ಒಂದೇ, ಬಾಗಿಲು ಒಂದೇ, ಆಡುವ ಮಾತು ಒಂದೇ. ಆ ಮಗು ಬೆಳೆದು ಸಂಸಾರಸ್ಥನಾಗಿ, ತನ್ನ ಮಕ್ಕಳನ್ನೋ ಮೊಮ್ಮಕ್ಕಳನ್ನೋ ಬಳ್ಳಾರಿಯ ಕಾಲೇಜಿಗೆ ಸೇರಿಸಲು ಹೊರಟಾಗ, ಇವರು ಕನ್ನಡಿಗರೆಂಬುದಕ್ಕೆ ಪುರಾವೆ ಏನು ಎಂಬ ಪ್ರಶ್ನೆ ಎದುರಾಗುತ್ತದೆ. ಈ ಲೇಖನದ ವಿಷಯ ಆ ಪ್ರಶ್ನೆಯ ಚರಿತ್ರೆ.

ಈ ಸೀಮೆಯ ಆಡಳಿತವು ಬದಲಾದದ್ದು ಅದೇ ಮೊದಲಲ್ಲ. 1800ರಲ್ಲಿ ಹೈದರಾಬಾದಿನ ನಿಜಾಮನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ ದತ್ತ ಮಂಡಲಗಳಲ್ಲಿ ಇವೆರಡೂ ಸೇರಿದ್ದುವು. ಮುಂದೆ ಅವು ಬಳ್ಳಾರಿ ಜಿಲ್ಲೆಯ ಭಾಗಗಳಾದುವು. 1882ರಲ್ಲಿ ಬಳ್ಳಾರಿಯನ್ನು ಒಡೆದು ಅನಂತಪುರ ಜಿಲ್ಲೆಯನ್ನು ರಚಿಸಿದಾಗ ಮಡಕಶಿರಾ ಅತ್ತ ಸರಿಯಿತು, ರಾಯದುರ್ಗ ಇತ್ತ ಉಳಿಯಿತು. ಅಂದಿನ ವಿಂಗಡಣೆಯಲ್ಲಿ ಭಾಷೆಯ ವಿಚಾರವೇ ಇರಲಿಲ್ಲ. ಎರಡು ಜಿಲ್ಲೆಗಳೂ ಮದ್ರಾಸಿನ ಅಧೀನದಲ್ಲಿದ್ದುದರಿಂದ ಯಾರಿಗೂ ಅದು ದೊಡ್ಡದಾಗಿ ತೋರಲೂ ಇಲ್ಲ. ಆದರೆ ಎಪ್ಪತ್ತು ವರ್ಷಗಳ ಬಳಿಕ ಭಾಷಾವಾರು ವಿಂಗಡಣೆ ನಡೆದಾಗ, ಮಡಕಶಿರಾದ ಮಾತು ಚರ್ಚೆಯ ನಡುವಿಗೆ ಬರದೆ ಹೋಗಲು 1882ರ ಆ ಗೆರೆಯೇ ಕಾರಣವಾಯಿತು ಎಂದು ನನ್ನ ಅಭಿಪ್ರಾಯ. ಬಳ್ಳಾರಿ ಜಿಲ್ಲೆ ವಿವಾದಕ್ಕೊಳಗಾಗಿತ್ತು, ಆದ್ದರಿಂದ ಅದರ ತಾಲ್ಲೂಕುಗಳನ್ನು ಒಂದೊಂದಾಗಿ ತೂಗಿ ನೋಡಿದರು. ಅನಂತಪುರವು ನಿರ್ವಿವಾದವಾಗಿ ತೆಲುಗು ಜಿಲ್ಲೆಯೆಂಬ ಪಟ್ಟಿಯಲ್ಲಿತ್ತು. ಮಡಕಶಿರಾ ಅದರೊಡನೆ ಇಡಿಯಾಗಿ ಸಾಗಿತು.

ಮಡಕಶಿರಾದ ಪ್ರಾಚೀನತೆಯನ್ನು ಬಲ್ಲವರಿಗೆ ಇದು ವಿಚಿತ್ರವೆನಿಸುತ್ತದೆ. ಆ ಸೀಮೆಯ ಅಮರಾಪುರದ ಬಳಿಯ ಹೇಮಾವತಿಯೇ ನೊಳಂಬರ ರಾಜಧಾನಿಯಾಗಿದ್ದ ಹೆಂಜೇರು. ಅಲ್ಲಿಯ ದೊಡ್ಡೇಶ್ವರ, ಸಿದ್ಧೇಶ್ವರ ದೇವಾಲಯಗಳನ್ನು ನೋಡಲು ಇಂದಿಗೂ ಶಿರಾ, ಪಾವಗಡಗಳ ಕಡೆಯಿಂದ ಭಕ್ತರು ಬರುತ್ತಾರೆ. ಆ ಊರಿನ ಸುತ್ತಮುತ್ತ ದೊರೆತ ನೊಳಂಬರ ಕನ್ನಡ ಶಾಸನಗಳು ಹತ್ತನೆಯ ಶತಮಾನದ ಆಚೀಚಿನವು. ರೊಳ್ಳ, ಅಗಳಿ, ಗುಡಿಬಂಡೆ, ಅಮರಾಪುರ ಎಂದು ಹಳ್ಳಿಗಳ ಹೆಸರನ್ನು ಎಣಿಸುತ್ತ ಹೋದರೂ, ರಾಯದುರ್ಗದ ಕಡೆ ಕಣೇಕಲ್ಲು, ಬೊಮ್ಮನಹಾಳು, ಹಿರೇಹಾಳು, ಗುಮ್ಮಗಟ್ಟ ಎಂದು ಎಣಿಸಿದರೂ ಕಿವಿಗೆ ಕೇಳುವುದು ನಮ್ಮ ನುಡಿಯೇ. ಹೆಸರೊಂದರಿಂದಲೇ ನೆಲ ಯಾರದೆಂದು ತೀರ್ಮಾನವಾಗದು. ಅಲ್ಲಿ ತೆಲುಗರೂ ಶತಮಾನಗಳಿಂದ ಬಾಳಿದ್ದಾರೆ, ಬಳ್ಳಾರಿಯಲ್ಲಿ ಬಾಳಿದಂತೆಯೇ. ಎರಡು ನುಡಿಗಳು ಒಂದೇ ಸಂತೆಯಲ್ಲಿ ಕೊಡುಕೊಳ್ಳುವ ಸೀಮೆಗೆ ಗೆರೆಯೆಳೆಯಲು ಹೊರಟವರ ಕಷ್ಟವನ್ನೂ ನಾವು ಒಪ್ಪಿಕೊಳ್ಳಬೇಕು.

1952ರ ಡಿಸೆಂಬರ್ 15ರಂದು ಪೊಟ್ಟಿ ಶ್ರೀರಾಮುಲು ಅವರು ಉಪವಾಸದಲ್ಲಿ ತೀರಿಕೊಂಡರು. ನಾಲ್ಕೇ ದಿನಗಳಲ್ಲಿ ಪ್ರಧಾನಿ ನೆಹರೂ ಅವರು ಆಂಧ್ರ ರಾಜ್ಯ ರಚನೆಯ ನಿರ್ಧಾರವನ್ನು ಪ್ರಕಟಿಸಿದರು. ರಾಜಸ್ಥಾನದ ಮುಖ್ಯ ನ್ಯಾಯಾಧೀಶರಾಗಿದ್ದ ವಾಂಛೂ ಅವರು 1953ರ ಫೆಬ್ರವರಿಯಲ್ಲಿ ವರದಿ ಕೊಟ್ಟರು. ಮಾರ್ಚ್ 25ರಂದು ನೆಹರೂ ಅವರು ಸಂಸತ್ತಿನಲ್ಲಿ ಆದವಾನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಎಂದು ಸಾರಿದರು. ಬಳ್ಳಾರಿ ತಾಲ್ಲೂಕೊಂದನ್ನು ಮಾತ್ರ ಹೈದರಾಬಾದಿನ ಮುಖ್ಯ ನ್ಯಾಯಾಧೀಶ ಎಲ್. ಎಸ್. ಮಿಶ್ರಾ ಅವರ ವಿಚಾರಣೆಗೆ ಬಿಡಲಾಯಿತು. ಅದು ಮೈಸೂರಿಗೆ ದಕ್ಕಿತು. 1955ರಲ್ಲಿ ಫಜಲ್ ಅಲಿ ಅಧ್ಯಕ್ಷತೆಯ ರಾಜ್ಯ ಪುನರ್ವಿಂಗಡಣಾ ಆಯೋಗವು ತುಂಗಭದ್ರಾ ಯೋಜನೆಯ ಕಾರಣ ಮುಂದಿಟ್ಟು ಬಳ್ಳಾರಿ, ಹೊಸಪೇಟೆಗಳನ್ನೂ ಆಂಧ್ರಕ್ಕೆ ಕೊಡಬೇಕೆಂದು ಶಿಫಾರಸು ಮಾಡಿದಾಗ ಕನ್ನಡಿಗರ ಶಕ್ತಿಯೆಲ್ಲ ಕೈಯಲ್ಲಿದ್ದುದನ್ನು ಉಳಿಸಿಕೊಳ್ಳುವುದಕ್ಕೇ ವ್ಯಯವಾಯಿತು. ಆ ಶಿಫಾರಸು ಜಾರಿಯಾಗಲಿಲ್ಲ. ಆದರೆ ಆ ಗದ್ದಲದಲ್ಲಿ ರಾಯದುರ್ಗವನ್ನು ಮರಳಿ ಕೇಳುವ ದನಿ ಕ್ಷೀಣಿಸಿತು. 1966ರಲ್ಲಿ ನೇಮಕಗೊಂಡು ಮರುವರ್ಷ ವರದಿಯಿತ್ತ ಮಹಾಜನ ಆಯೋಗದ ಮುಂದಿದ್ದುದು ಮಹಾರಾಷ್ಟ್ರ ಮತ್ತು ಕೇರಳದ ಗಡಿಗಳು ಮಾತ್ರ. ಕಾಸರಗೋಡಿನ ಕನ್ನಡಿಗರಿಗೆ ತಮ್ಮ ಪರವಾದ ಒಂದು ವರದಿಯಾದರೂ ಕೈಗೆ ಸಿಕ್ಕಿತು. ರಾಯದುರ್ಗ, ಮಡಕಶಿರಾಗಳಿಗೆ ಅದೂ ಸಿಗಲಿಲ್ಲ.

ಈಗ ಪೌರತ್ವದ ಮಾತಿಗೆ ಬರೋಣ. ನಮ್ಮ ಸಂವಿಧಾನದಲ್ಲಿರುವುದು ಏಕ ಪೌರತ್ವ. ಆಂಧ್ರದ ಪ್ರಜೆ, ಕರ್ನಾಟಕದ ಪ್ರಜೆ ಎಂಬ ಬೇರೆ ಬೇರೆ ಪೌರತ್ವಗಳಿಲ್ಲ. ಆದ್ದರಿಂದ 1953ರಲ್ಲಿ ಯಾರ ಪೌರತ್ವವೂ ಬದಲಾಗಲಿಲ್ಲ, ಯಾರಿಗೂ ಪ್ರಮಾಣಪತ್ರ ಕೊಡಬೇಕಾದ ಅಗತ್ಯವೂ ಕಾಣಲಿಲ್ಲ. ಇದನ್ನು ಗೋವೆಯೊಡನೆ ಹೋಲಿಸಿ ನೋಡಬೇಕು. ಗೋವೆ ಭಾರತಕ್ಕೆ ಸೇರಿದ ಮೇಲೆ 1962ರಲ್ಲಿ ಹೊರಟ ಪೌರತ್ವದ ಆದೇಶವು, 1961ರ ಡಿಸೆಂಬರ್ 20ಕ್ಕೆ ಮೊದಲು ಗೋವಾ, ದಮನ್, ದಿಯುಗಳಲ್ಲಿ ತಾನಾಗಲಿ, ತಂದೆತಾಯಿಯರಲ್ಲೊಬ್ಬರಾಗಲಿ, ಅಜ್ಜಅಜ್ಜಿಯರಲ್ಲೊಬ್ಬರಾಗಲಿ ಹುಟ್ಟಿದ್ದವರನ್ನು ಭಾರತದ ಪ್ರಜೆಗಳೆಂದು ಪರಿಗಣಿಸಿತು. ನೆಲ ಕೈಬದಲಾದಾಗ ಮೂರು ತಲೆಮಾರನ್ನು ಒಟ್ಟಿಗೆ ನೆನೆದ ಆದೇಶ ಅದು. ದೇಶದೊಳಗಿನ ಗಡಿ ಕದಲಿದಾಗ ಅಂತಹ ನೆನಪು ಯಾರಿಗೂ ಬೇಕೆನಿಸಲಿಲ್ಲ.

ಪರದೇಶದಲ್ಲಿ ನೆಲೆಸಿದ ನಮ್ಮ ಸಂಘದ ಬಂಧುಗಳಿಗೆ ಇದರ ಇನ್ನೊಂದು ರೂಪ ಪರಿಚಿತ. ಅಮೆರಿಕದಲ್ಲಿ 2001ರ ಫೆಬ್ರವರಿ 27ರಿಂದ ಜಾರಿಯಲ್ಲಿರುವ ಕಾಯಿದೆಯ ಪ್ರಕಾರ, ತಾಯಿಯೋ ತಂದೆಯೋ ಅರ್ಜಿ ಹಾಕಿ ಅಲ್ಲಿಯ ಪೌರತ್ವ ಪಡೆದರೆ, ಅವರ ಪಾಲನೆಯಲ್ಲಿದ್ದು ಕಾಯಂ ನಿವಾಸದ ಹಕ್ಕುಳ್ಳ, 18 ತುಂಬದ ಮಗುವೂ ತಾನಾಗಿಯೇ ಅಲ್ಲಿಯ ಪ್ರಜೆಯಾಗುತ್ತದೆ. ಆದರೆ ತಂದೆಯ ಕೈಗೆ ಬಂದ ಪ್ರಮಾಣಪತ್ರದಲ್ಲಿ ಮಗುವಿನ ಹೆಸರಿರುವುದಿಲ್ಲ. ಮಗುವಿಗೆ ಪಾಸ್‌ಪೋರ್ಟನ್ನೋ ಪೌರತ್ವದ ಪ್ರಮಾಣಪತ್ರವನ್ನೋ ಬೇರೆಯಾಗಿ ಕೇಳಿ ಪಡೆಯಬೇಕು. ಜನನಪತ್ರ, ತಂದೆತಾಯಿಯರ ವಿವಾಹದ ದಾಖಲೆ, ಪೌರತ್ವದ ಪತ್ರ ಎಲ್ಲವನ್ನೂ ಜೋಡಿಸಬೇಕು. ಸ್ಥಾನಮಾನ ದೊರೆಯುವುದು ಬೇರೆ, ಅದಕ್ಕೆ ಪುರಾವೆ ದೊರೆಯುವುದು ಬೇರೆ. ರಾಯದುರ್ಗದ ಮಗುವಿನ ಸ್ಥಿತಿಯೂ ಇದೇ ಜಾತಿಯದು. ಕೇಳದೆಯೇ ಬೇರೊಂದು ರಾಜ್ಯದವರಾದ ತಂದೆತಾಯಿಯರ ಮಕ್ಕಳು ಹುಟ್ಟಿನಿಂದ ಕನ್ನಡಿಗರೇ ಆಗಿದ್ದರೂ, ಅದನ್ನು ಹೇಳುವ ಕಾಗದವನ್ನು ಅವರೇ ಹುಡುಕಬೇಕು.

ಆ ಹುಡುಕಾಟ ಹೇಗೆ ನಡೆಯುತ್ತದೆ ಎಂಬುದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಕರ್ನಾಟಕದ ವೃತ್ತಿಶಿಕ್ಷಣದ ಸರ್ಕಾರಿ ಸೀಟುಗಳಿಗೆ ಸಾಮಾನ್ಯ ಅರ್ಹತೆಯೆಂದರೆ ಒಂದನೆಯ ತರಗತಿಯಿಂದ ದ್ವಿತೀಯ ಪಿಯುಸಿಯವರೆಗಿನ ಅವಧಿಯಲ್ಲಿ ಕನಿಷ್ಠ ಏಳು ವರ್ಷ ಕರ್ನಾಟಕದ ಶಾಲೆಗಳಲ್ಲಿ ಓದಿರುವುದು. ಅತ್ತ ಆಂಧ್ರದಲ್ಲಿ, 32ನೆಯ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ 371ಡಿ ವಿಧಿ ಹಾಗೂ 1974ರ ರಾಷ್ಟ್ರಪತಿ ಆದೇಶದ ಪ್ರಕಾರ ನೂರಕ್ಕೆ 85 ಸೀಟುಗಳು ಸ್ಥಳೀಯರಿಗೆ ಮೀಸಲು. ಅರ್ಹತಾ ಪರೀಕ್ಷೆಗೆ ಕೂರುವ ಮುನ್ನ ನಾಲ್ಕು ವರ್ಷ ಎಡೆಬಿಡದೆ ಆ ಪ್ರದೇಶದಲ್ಲಿ ಓದಿದ್ದವರು ಸ್ಥಳೀಯರು. ಅನಂತಪುರ ಜಿಲ್ಲೆ ಶ್ರೀ ವೆಂಕಟೇಶ್ವರ ವಿಶ್ವವಿದ್ಯಾನಿಲಯದ ಪ್ರದೇಶಕ್ಕೆ ಸೇರಿದೆ. ಹಿರೇಹಾಳಿನ ಒಬ್ಬ ಹುಡುಗಿಯನ್ನು ತಂದೆ ಎಂಟನೆಯ ತರಗತಿಗೆ ಬಳ್ಳಾರಿಯ ಕನ್ನಡ ಶಾಲೆಗೆ ಸೇರಿಸಿದನೆನ್ನಿ. ಪಿಯುಸಿ ಮುಗಿಯುವ ಹೊತ್ತಿಗೆ ಅವಳು ಕರ್ನಾಟಕದಲ್ಲಿ ಓದಿದ್ದು ಐದು ವರ್ಷ. ಏಳಕ್ಕೆ ಎರಡು ಕಡಿಮೆ. ಆಂಧ್ರದ ಲೆಕ್ಕದಲ್ಲಿ ಕೊನೆಯ ನಾಲ್ಕು ವರ್ಷ ಅವಳು ಹೊರಗಿದ್ದವಳು. ಓದಿನ ಆಧಾರದ ಮೇಲೆ ಅಲ್ಲಿಯೂ ಸ್ಥಳೀಯಳಲ್ಲ. ಒಂದೇ ಹುಡುಗಿ ಎರಡೂ ರಾಜ್ಯಗಳಲ್ಲಿ ಪರಕೀಯಳು. ಶಿರಾ ಸಮೀಪದ ಅಗಳಿ, ರೊಳ್ಳದ ಮಕ್ಕಳಿಗೂ ಇದೇ ಗಣಿತ.

ಇಂತಹವರಿಗೆಂದೇ ಕರ್ನಾಟಕವು ಹೊರನಾಡು ಮತ್ತು ಗಡಿನಾಡು ಕನ್ನಡಿಗರೆಂಬ ಬಾಗಿಲುಗಳನ್ನು ತೆರೆದಿಟ್ಟಿದೆ. ಮಾತೃಭಾಷೆ ಕನ್ನಡ, ತುಳು ಅಥವಾ ಕೊಡವ ಆಗಿರಬೇಕು. ಅದಕ್ಕೆ ದಾಖಲೆ ಒದಗಿಸಬೇಕು. ಪರೀಕ್ಷಾ ಪ್ರಾಧಿಕಾರವು ನಡೆಸುವ ಕನ್ನಡ ಭಾಷಾ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಈ ಏರ್ಪಾಡು ಉದಾರವಾದದ್ದು, ಅದನ್ನು ಮಾಡಿದವರಿಗೆ ನಾವು ಋಣಿಗಳು. ಪರೀಕ್ಷೆಯ ಬಗ್ಗೆಯೂ ನನ್ನ ತಕರಾರಿಲ್ಲ. ಕನ್ನಡ ಓದಿದ ಮಗುವಿಗೆ ಅದು ಕಠಿಣವಲ್ಲ. ತೊಡಕಿರುವುದು ದಾಖಲೆಯಲ್ಲಿ. ಮಾತೃಭಾಷೆ ಕನ್ನಡವೆಂದು ಬರೆದುಕೊಡಬೇಕಾದ ಅಧಿಕಾರಿ ಆಂಧ್ರದ ತಹಶೀಲ್ದಾರರು. ಅವರ ಕಚೇರಿಯ ಭಾಷೆ ತೆಲುಗು. ಪಡಿತರ ಚೀಟಿಯಲ್ಲಿ, ಜಾತಿಪತ್ರದಲ್ಲಿ, ಶಾಲೆಯ ವರ್ಗಾವಣೆ ಪತ್ರದಲ್ಲಿ ಒಂದೇ ಮನೆತನದ ಹೆಸರು ಮೂರು ಬಗೆಯಾಗಿ ಬಿದ್ದಿರುತ್ತದೆ. ಅಜ್ಜನ ಕಾಲದ ಕಾಗದದ ತಲೆಬರಹದಲ್ಲಿ ಬಳ್ಳಾರಿ ಜಿಲ್ಲೆಯೆಂದಿದ್ದರೆ, ಮೊಮ್ಮಗನ ಕಾಗದದಲ್ಲಿ ಅನಂತಪುರ. ಓದುಬರಹ ಬಲ್ಲ ಮನೆಯವರು ಇದನ್ನೆಲ್ಲ ಹೊಂದಿಸಿಕೊಂಡಾರು. ಶೇಂಗಾ ಬೆಳೆಗೆ ಮಳೆ ಕಾದು ಕುಳಿತ ಮನೆಯವರು ಎಷ್ಟು ದಿನ ಕಚೇರಿಗೆ ಅಲೆದಾರು? ಸೀಟು ಹಂಚಿಕೆಯ ದಿನಗಳು ಅವರಿಗಾಗಿ ಕಾಯುವುದಿಲ್ಲ.

ಕನ್ನಡಿಗನೆಂದರೆ ಯಾರು ಎಂಬುದಕ್ಕೆ ನಮ್ಮವರೇ ಕೊಟ್ಟ ಉತ್ತರವೂ ಗಡಿಯಾಚೆಯವರ ನೆರವಿಗೆ ಬರುವುದಿಲ್ಲ. 1983ರಲ್ಲಿ ರಚನೆಯಾದ ಸರೋಜಿನಿ ಮಹಿಷಿ ಸಮಿತಿಯು ಉದ್ಯೋಗದ ದೃಷ್ಟಿಯಿಂದ, ಕರ್ನಾಟಕದಲ್ಲಿ 15 ವರ್ಷ ವಾಸವಿದ್ದು ಕನ್ನಡ ಬಲ್ಲವನನ್ನು ಕನ್ನಡಿಗನೆಂದು ಪರಿಗಣಿಸಿತು. ಬೆಂಗಳೂರಿನ ಕಾರ್ಖಾನೆಗಳ ಸಂದರ್ಭದಲ್ಲಿ ಅದು ಸಾಧುವಾದ ಅಳತೆ. ಆದರೆ ಆ ಅಳತೆಯಲ್ಲಿ ಹೇಮಾವತಿಯ ಶಾಸನದ ಪಕ್ಕದಲ್ಲೇ ಹುಟ್ಟಿ ಬೆಳೆದವನು ಕನ್ನಡಿಗನಲ್ಲ. ಇತ್ತ ಸರ್ವೋಚ್ಚ ನ್ಯಾಯಾಲಯವು 1984ರ ಪ್ರದೀಪ್ ಜೈನ್ ಪ್ರಕರಣದಲ್ಲಿ, ದೇಶಕ್ಕೆಲ್ಲ ಇರುವುದು ಒಂದೇ ಅಧಿವಾಸ, ಅದು ಭಾರತದ ಅಧಿವಾಸ ಎಂದು ಸ್ಪಷ್ಟಪಡಿಸಿತು. ಹಾಗಿದ್ದೂ ವೈದ್ಯಕೀಯ ಪದವಿಯ ಸೀಟುಗಳಲ್ಲಿ ಒಂದು ಪ್ರಮಾಣದವರೆಗೆ ವಾಸದ ಆಧಾರದ ಮೀಸಲಾತಿಗೆ ಎಡೆಗೊಟ್ಟಿತು. 2025ರ ಜನವರಿಯಲ್ಲಿ ಸ್ನಾತಕೋತ್ತರ ವೈದ್ಯಕೀಯ ಸೀಟುಗಳಿಗೆ ಅಂತಹ ಮೀಸಲಾತಿ ಸಲ್ಲದೆಂದು ತೀರ್ಪಾಯಿತು. ಉಳಿದೆಡೆ ಹಳೆಯ ಲೆಕ್ಕವೇ ನಡೆಯುತ್ತಿದೆ.

ಭಾಷಾ ಅಲ್ಪಸಂಖ್ಯಾತರಿಗೆ ರಕ್ಷಣೆಯೇ ಇಲ್ಲವೆಂದು ಹೇಳಲಾಗದು. ಒಂದು ತರಗತಿಯಲ್ಲಿ 10 ಅಥವಾ ಶಾಲೆಯಲ್ಲಿ 40 ಮಕ್ಕಳಿದ್ದರೆ ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣ ಕೊಡಬೇಕೆಂದು 1949ರಲ್ಲೇ ಪ್ರಾಂತಗಳ ಶಿಕ್ಷಣ ಸಚಿವರು ಒಪ್ಪಿದ್ದರು. 1956ರಲ್ಲಿ 350ಎ ವಿಧಿ ಸಂವಿಧಾನಕ್ಕೆ ಸೇರಿತು. ಆ ವರ್ಷದ ಕೇಂದ್ರದ ಜ್ಞಾಪನಪತ್ರವು, ಜಿಲ್ಲೆಯೊಂದರಲ್ಲಿ ನೂರಕ್ಕೆ 70 ಮಂದಿ ರಾಜ್ಯದ ಅಲ್ಪಸಂಖ್ಯಾತ ಭಾಷೆಯವರಾಗಿದ್ದರೆ ಆ ಭಾಷೆಯೇ ಜಿಲ್ಲೆಯ ಆಡಳಿತ ಭಾಷೆಯಾಗಬಹುದೆಂದಿತು. ಅಳತೆಗೋಲು ಜಿಲ್ಲೆ ಎಂಬುದನ್ನು ಗಮನಿಸಬೇಕು. ಕನ್ನಡ ದಟ್ಟವಾಗಿದ್ದ ನಾಲ್ಕು ತಾಲ್ಲೂಕುಗಳಲ್ಲಿ ಎರಡು ಕರ್ನೂಲಿಗೆ, ಎರಡು ಅನಂತಪುರಕ್ಕೆ ಸೇರಿದ್ದುವು. ಎರಡು ವಿಶಾಲ ತೆಲುಗು ಜಿಲ್ಲೆಗಳಲ್ಲಿ ಹಂಚಿಹೋದ ಜನ ಆ ಪ್ರಮಾಣವನ್ನು ಮುಟ್ಟುವುದು ಎಂದಿಗೂ ಸಾಧ್ಯವಿರಲಿಲ್ಲ. ಹಾಗಾಗಿ ಉಳಿದದ್ದು ಶಾಲೆಯೊಂದೇ. ಆಂಧ್ರ ಸರ್ಕಾರ ಹತ್ತನೆಯ ತರಗತಿಯ ಪರೀಕ್ಷೆಯನ್ನು ಕನ್ನಡ ಮಾಧ್ಯಮದಲ್ಲಿಯೂ ನಡೆಸುತ್ತ ಬಂದಿದೆ, ಕನ್ನಡದಲ್ಲಿ ಪಠ್ಯಪುಸ್ತಕ ಅಚ್ಚು ಹಾಕಿಸಿದೆ, ಕನ್ನಡ ಶಿಕ್ಷಕರ ಹುದ್ದೆಗಳಿಗೆ ಪರೀಕ್ಷೆ ನಡೆಸಿದೆ. ಈ ಉಪಕಾರವನ್ನು ಗಡಿನಾಡ ಕುರಿತ ನಮ್ಮ ಭಾಷಣಗಳಲ್ಲಿ ಯಾರೂ ನೆನೆಯದಿರುವುದು ನ್ಯಾಯವಲ್ಲ.

ಶಾಲೆಗೂ ಪುರಾವೆಗೂ ನೇರ ನಂಟಿದೆ. ಮಗುವನ್ನು ಒಂದನೆಯ ತರಗತಿಗೆ ಸೇರಿಸುವಾಗ ದಾಖಲಾತಿ ಪುಸ್ತಕದಲ್ಲಿ ಮಾತೃಭಾಷೆಯ ಅಂಕಣವನ್ನು ತುಂಬುತ್ತಾರೆ. ಹನ್ನೆರಡು ವರ್ಷಗಳ ಬಳಿಕ ತಹಶೀಲ್ದಾರರ ಮುಂದೆ ಇಡಬಹುದಾದ ಅತ್ಯಂತ ಹಳೆಯ ಸಾಕ್ಷಿ ಅದೇ. ಮುಂದೆ ಕೆಲಸ ಸಿಗಲೆಂದು ಕೆಲವು ತಂದೆಯರು ಅಲ್ಲಿ ತೆಲುಗು ಎಂದು ಬರೆಸುತ್ತಾರೆ. ಗುಮಾಸ್ತರು ಕೇಳದೆಯೇ ಬರೆದುಬಿಡುವುದೂ ಉಂಟು. ಜನಗಣತಿಯಲ್ಲಿಯೂ ಇದೇ ರೀತಿ ಆಗುವ ಸಂಭವವಿದೆ. ಅಲ್ಲಿ ಒಂದು ಅಂಕಿ ಕಡಿಮೆಯಾದರೆ ಇಲ್ಲಿ ಒಬ್ಬ ಕನ್ನಡ ಶಿಕ್ಷಕನ ಹುದ್ದೆ ಹೋಗುತ್ತದೆ. ಶಾಲೆ ಮುಚ್ಚಿದ ಮೇಲೆ ಏಳು ವರ್ಷ ಕನ್ನಡ ಓದಿದೆನೆಂದು ಹೇಳಲು ಮಗುವಿಗೆ ಆಧಾರವೇ ಉಳಿಯದು.

2022ರ ಏಪ್ರಿಲ್ 4ರಂದು ಆಂಧ್ರ ಪ್ರದೇಶದಲ್ಲಿ ಹೊಸ ಜಿಲ್ಲೆಗಳು ಅಸ್ತಿತ್ವಕ್ಕೆ ಬಂದುವು. ರಾಯದುರ್ಗ ಅನಂತಪುರದಲ್ಲಿಯೇ ಉಳಿಯಿತು. ಮಡಕಶಿರಾ ಪುಟ್ಟಪರ್ತಿ ಕೇಂದ್ರವಾದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಮಡಕಶಿರಾದಲ್ಲಿ ಆ ವರ್ಷದ ಬಳಿಕ ಹುಟ್ಟಿದ ಮಕ್ಕಳ ಜನನಪತ್ರದಲ್ಲಿ ಹೊಸ ಜಿಲ್ಲೆಯ ಹೆಸರಿದೆ, ಅವರ ತಂದೆಯರ ಪತ್ರದಲ್ಲಿ ಅನಂತಪುರವಿದೆ. ಈ ಮಕ್ಕಳು 2040ರ ಹೊತ್ತಿಗೆ ಕಾಲೇಜಿನ ಬಾಗಿಲಿಗೆ ಬರುವಾಗ ಈ ಎರಡು ಹೆಸರುಗಳೂ ಒಂದೇ ಊರಿನವೆಂದು ತೋರಿಸುವ ಮತ್ತೊಂದು ಕಾಗದವನ್ನು ಅವರ ಮನೆಯವರು ಈಗಿನಿಂದಲೇ ತೆಗೆದಿಟ್ಟುಕೊಳ್ಳಬೇಕಾಗಿದೆ.