ಪರದೇಶದ ಹಳ್ಳಿಗಳಲ್ಲಿ ಮೂವತ್ತು ವರ್ಷ: ‘ದೊಡ್ಡ ಸ್ವಾಮಿ’ಯವರ ಬಾಳು

ನಮ್ಮ ಕನ್ನಡದಲ್ಲಿ ‘ಪರದೇಶಿ’ ಎಂಬ ಮಾತಿಗೆ ಎರಡು ಅರ್ಥಗಳಿವೆ. ಬೇರೆ ದೇಶದವನು ಎಂಬುದು ಒಂದು. ಹಿಂದು ಮುಂದಿಲ್ಲದವನು, ದಿಕ್ಕಿಲ್ಲದವನು ಎಂಬುದು ಇನ್ನೊಂದು. ನಮ್ಮ ಹಿರಿಯರು ಈ ಎರಡನ್ನೂ ಒಂದೇ ಪದದಲ್ಲಿ ಇಟ್ಟದ್ದರಲ್ಲಿ ತಿಳಿವಳಿಕೆ ಇದೆ. ಊರು ಬಿಟ್ಟು ಹೋದವನಿಗೆ ಭಾಷೆ ಬಾರದು, ಊಟ ಒಗ್ಗದು, ಕಾಯಿಲೆ ಬಿದ್ದರೆ ಕೇಳುವವರಿಲ್ಲ. ಇಂದು ನಮ್ಮ ಧರ್ಮಕೇಂದ್ರಗಳಲ್ಲಿ ಮಗನೋ ಮಗಳೋ ಹೊರದೇಶದಲ್ಲಿ ದುಡಿಯುತ್ತಿರುವ ಮನೆಗಳು ಬಹಳ ಇವೆ. ಕ್ರಿಸ್‌ಮಸ್ ರಾತ್ರಿಯ ಬಲಿಪೂಜೆ ಮುಗಿದ ಮೇಲೆ ಮೊದಲು ಫೋನು ಹಿಡಿಯುವ ತಾಯಂದಿರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಒಂದು ಕಾಲದಲ್ಲಿ ಪರದೇಶಿಗಳಾಗಿ ಬಂದವರು ಅವರು, ಅವರನ್ನು ಕಂಡವರು ನಾವು. ಫ್ರಾನ್ಸ್, ಇಟಲಿ, ಪೋರ್ಚುಗಲ್‌ಗಳಿಂದ ಬಂದ ಗುರುಗಳು ನಮ್ಮ ಹಳ್ಳಿಗಳಲ್ಲಿ ನೆಲೆಸಿದರು. ಅವರ ದಿನನಿತ್ಯದ ಬದುಕು ಹೇಗಿತ್ತು? ಏನು ಉಡುತ್ತಿದ್ದರು, ಏನು ಉಣ್ಣುತ್ತಿದ್ದರು, ಏನನ್ನು ಕಳೆದುಕೊಂಡರು? ಈ ಪ್ರಶ್ನೆಗಳಿಗೆ ತಾವೇ ಉತ್ತರ ಬರೆದಿಟ್ಟವರಲ್ಲಿ ಮುಖ್ಯರು ವಂದನೀಯ ಜ್ಯಾಂ ಆಂತ್ವಾನ್ ದುಬ್ವಾ. ಮೈಸೂರು ಸೀಮೆಯ ಜನ ಅವರನ್ನು ಕರೆದದ್ದು ‘ದೊಡ್ಡ ಸ್ವಾಮಿಯವರು’ ಎಂದು.

ಸಾವಿನಿಂದ ತಪ್ಪಿಸಿಕೊಂಡು

ಫ್ರಾನ್ಸಿನ ದಕ್ಷಿಣ ಭಾಗದ ಆರ್ದೆಷ್ ಸೀಮೆಯಲ್ಲಿ ಸಾಂ ರೆಮೇಜ್ ಎಂಬ ಹಳ್ಳಿಯಿದೆ. ದುಬ್ವಾ ಅಲ್ಲಿಯವರು. ಅವರಿಗೆ ವಿವಿಯೇ ಧರ್ಮಕ್ಷೇತ್ರದಲ್ಲಿ ಯಾಜಕ ದೀಕ್ಷೆಯಾದದ್ದು 1792ರಲ್ಲಿ. ಅದು ಫ್ರಾನ್ಸಿನ ಮಹಾಕ್ರಾಂತಿ ಹೊತ್ತಿ ಉರಿಯುತ್ತಿದ್ದ ವರ್ಷ. ಹೊಸ ಸರ್ಕಾರಕ್ಕೆ ಪ್ರಮಾಣ ಮಾಡಲೊಪ್ಪದ ಗುರುಗಳು ದೇಶದ್ರೋಹಿಗಳೆನಿಸಿದ್ದರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಪ್ಯಾರಿಸ್ಸಿನ ಸೆರೆಮನೆಗಳಲ್ಲಿ ಇನ್ನೂರಕ್ಕೂ ಹೆಚ್ಚು ಗುರುಗಳನ್ನು ಕೊಂದುಹಾಕಿದರು. ಅಂಥ ಹೊತ್ತಿನಲ್ಲಿ ಈ ತರುಣ ಗುರು ಪ್ಯಾರಿಸ್ಸಿನ ವಿದೇಶಿ ಮಿಷನ್ ಸಂಸ್ಥೆಯ ಮೂಲಕ ಭಾರತದ ಹಡಗು ಹತ್ತಿದರು. ಆಗ ಅವರಿಗೆ ಇಪ್ಪತ್ತಾರರ ಆಸುಪಾಸು.

ಮೊದಲು ಪುದುಚೇರಿ ಮಿಷನ್ನಿಗೆ ಸೇರಿ ತಮಿಳು ನಾಡಿನ ಹಳ್ಳಿಗಳಲ್ಲಿ ಕೆಲಸ ಮಾಡಿದರು. ಆದರೆ 1793ರಲ್ಲಿ ಬ್ರಿಟಿಷರಿಗೂ ಫ್ರೆಂಚರಿಗೂ ಯುದ್ಧ ಹತ್ತಿ, ಪುದುಚೇರಿ ಬ್ರಿಟಿಷರ ವಶವಾಯಿತು. ನಡುವೆ ಸ್ವಲ್ಪ ಕಾಲ ಬಿಟ್ಟರೆ ಆ ಯುದ್ಧ 1815ರವರೆಗೂ ಎಳೆಯಿತು. ಅಂದರೆ ದುಬ್ವಾ ಅವರ ಪಾಡು ನೋಡಿ: ತಾಯ್ನಾಡಿಗೆ ಹಿಂದಿರುಗಿದರೆ ಅಲ್ಲಿ ಗುರುಗಳಿಗೆ ಉಳಿವಿಲ್ಲ, ಇಲ್ಲಿ ಇದ್ದರೆ ಸುತ್ತ ಆಳುವವರು ತನ್ನ ದೇಶದ ಶತ್ರುಗಳು. ಎರಡು ಕಡೆಯೂ ಪರದೇಶಿ.

ವೇಷ, ಊಟ, ವಸತಿ

ಆ ಕಾಲದ ಐರೋಪ್ಯರು ಸಾಮಾನ್ಯವಾಗಿ ಕೋಟೆಯಲ್ಲೋ ದಂಡಿನಲ್ಲೋ ತಮ್ಮವರ ನಡುವೆಯೇ ಬಾಳುತ್ತಿದ್ದರು. ದುಬ್ವಾ ಆ ದಾರಿ ಹಿಡಿಯಲಿಲ್ಲ. ಜನರ ಬದುಕನ್ನು ಒಳಗಿನಿಂದ ತಿಳಿಯದೆ ಅವರಿಗೆ ಏನನ್ನೂ ಹೇಳಲಾಗದು ಎಂಬುದನ್ನು ಬಂದ ಹೊಸತರಲ್ಲೇ ಕಂಡುಕೊಂಡರು. ಐರೋಪ್ಯರ ಸಹವಾಸ ಬಿಟ್ಟರು. ನಮ್ಮವರಂತೆ ಬಟ್ಟೆ ಉಟ್ಟರು. ನಮ್ಮವರಂತೆ ಉಂಡರು. ಜನರ ಕೆಲವು ನಂಬಿಕೆಗಳು ತಮಗೆ ಸರಿಕಾಣದಿದ್ದಾಗಲೂ ಮುಖದಲ್ಲಿ ಅಸಹ್ಯ ತೋರಿಸದಂತೆ ನೋಡಿಕೊಂಡೆ ಎಂದು ಅವರೇ ಬರೆದಿದ್ದಾರೆ.

ಈ ದಾರಿ ಅವರು ಕಂಡುಹಿಡಿದದ್ದಲ್ಲ. ಇಟಲಿಯ ಯೇಸುಸಭೆಯ ಗುರು ರೊಬೆರ್ತೊ ದೆ ನೊಬಿಲಿ 17ನೇ ಶತಮಾನದಲ್ಲಿ ಮದುರೆಯಲ್ಲಿ ಕಾವಿ ಉಟ್ಟು ಸಂನ್ಯಾಸಿಯಂತೆ ಬಾಳಿದ್ದರು. ಅದೇ ಶತಮಾನದ ಮಧ್ಯಭಾಗದಲ್ಲಿ ಶ್ರೀರಂಗಪಟ್ಟಣಕ್ಕೆ ಬಂದ ಯೇಸುಸಭೆಯ ಗುರುಗಳೂ ಆ ಕ್ರಮವನ್ನೇ ಅನುಸರಿಸಿದರು. ಮಾಂಸ, ಮದ್ಯಗಳನ್ನು ಬಿಡುವುದು ಅದರ ಮುಖ್ಯ ಭಾಗವಾಗಿತ್ತು. ದನದ ಮಾಂಸ ತಿಂದು ಕುಡಿಯುವ ಐರೋಪ್ಯರನ್ನು ಹತ್ತಿರದಿಂದ ಕಂಡ ಮೇಲೆ ಇಲ್ಲಿನ ಜನಕ್ಕೆ ಅವರ ಮೇಲಿನ ಗೌರವ ಹೇಗೆ ಇಳಿದುಹೋಯಿತು ಎಂಬುದನ್ನು ದುಬ್ವಾ ವಿವರವಾಗಿ ಬರೆದಿದ್ದಾರೆ. ಊಟದ ಎಲೆ ನೋಡಿ ಮನುಷ್ಯನನ್ನು ಅಳೆಯುವ ನಾಡಿನಲ್ಲಿ ಪರದೇಶಿಯ ಮೊದಲ ಪರೀಕ್ಷೆ ನಡೆಯುವುದು ಅಡಿಗೆಮನೆಯಲ್ಲಿ.

ವಸತಿಯ ವಿಷಯ ಹೇಳುವುದಾದರೆ, ಚದುರಿಹೋದ ಕ್ರೈಸ್ತ ಕುಟುಂಬಗಳನ್ನು ಕಾಣಲು ಅವರು ಊರಿಂದೂರಿಗೆ ಅಲೆಯಬೇಕಿತ್ತು. ಹುಲ್ಲು ಹೊದಿಸಿದ ಮನೆಗಳು, ಒಂದೇ ಸೂರಿನಡಿ ಮನುಷ್ಯರೂ ದನಗಳೂ, ಕಿಟಕಿಯಿಲ್ಲದ ಗೋಡೆ, ಒಲೆಯ ಹೊಗೆ. ಇವನ್ನೆಲ್ಲ ಅವರು ಕಂಡವರಾಗಿ ಬರೆದಿದ್ದಾರೆ. ಜನರನ್ನು ಆಸ್ತಿಯ ಲೆಕ್ಕದಲ್ಲಿ ಹಲವು ವರ್ಗಗಳಾಗಿ ವಿಂಗಡಿಸಿ, ಸುಮಾರು ಅರ್ಧದಷ್ಟು ಜನರ ಒಟ್ಟು ಆಸ್ತಿ 5 ಪೌಂಡಿನಷ್ಟೂ ಇಲ್ಲವೆಂದು ಅಂದಾಜು ಮಾಡಿದರು. ಕೋಟೆಯೊಳಗೆ ಕುಳಿತವನಿಗೆ ಇಂಥ ಲೆಕ್ಕ ಸಿಗುವುದಿಲ್ಲ.

1799ರ ನಂತರ

ನಮ್ಮ ನಾಡಿನ ಕಥೆಯೊಂದಿಗೆ ಅವರ ಕಥೆ ಸೇರಿಕೊಂಡದ್ದು 1799ರಲ್ಲಿ. 1784ರಲ್ಲಿ ಟಿಪ್ಪು ಸುಲ್ತಾನನ ಆಜ್ಞೆಯಂತೆ ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿದು ಘಟ್ಟದ ಮೇಲೆ ಶ್ರೀರಂಗಪಟ್ಟಣಕ್ಕೆ ಸಾಗಿಸಿದ ಸಂಗತಿ ಎಲ್ಲರಿಗೂ ತಿಳಿದದ್ದೇ. ದಾರಿಯಲ್ಲಿ, ಸೆರೆಯಲ್ಲಿ ಸತ್ತವರು ಅನೇಕರು. ಅನೇಕರನ್ನು ಬಲವಂತದಿಂದ ಮತಾಂತರ ಮಾಡಲಾಯಿತು. 1799ರ ಮೇ 4ರಂದು ಕೋಟೆ ಬಿದ್ದಾಗ ಉಳಿದವರಲ್ಲಿ ಬಹಳ ಮಂದಿ ಕರಾವಳಿಗೆ ಮರಳಿದರು. ಇನ್ನು ಕೆಲವರು ಮೈಸೂರು ಸೀಮೆಯಲ್ಲೇ ನಿಂತರು. ಅವರಿಗೆ ಗುರುಗಳಿರಲಿಲ್ಲ, ಗುಡಿಯಿರಲಿಲ್ಲ, ಭೂಮಿಯಿರಲಿಲ್ಲ. ಸ್ವಂತ ನಾಡಿನಲ್ಲೇ ಪರದೇಶಿಗಳಾಗಿದ್ದರು.

ಅವರನ್ನು ಒಟ್ಟುಗೂಡಿಸಲು ಕರೆ ಬಂದದ್ದು ದುಬ್ವಾ ಅವರಿಗೆ. ಶ್ರೀರಂಗಪಟ್ಟಣದ ಗಂಜಾಮಿನಲ್ಲಿ ಅವರ ಹೆಸರಿನಿಂದಲೇ ಜನ ಗುರುತಿಸುವ ಚಿಕ್ಕ ದೇವಾಲಯ ಇಂದಿಗೂ ಇದೆ. ಆದರೆ ಗುಡಿ ಕಟ್ಟಿದರೆ ಸಾಲದು, ಹೊಟ್ಟೆಗೆ ದಾರಿಯಾಗಬೇಕು ಎಂಬುದು ಅವರಿಗೆ ಗೊತ್ತಿತ್ತು. ಹಾಸನದ ಹತ್ತಿರದ ಸಾತಿಹಳ್ಳಿಯಂಥ ಕಡೆ ಬಡ ಕುಟುಂಬಗಳನ್ನು ಸೇರಿಸಿ, ಬೇಸಾಯಕ್ಕೆ ಹಚ್ಚಿ, ಊರುಗಳನ್ನೇ ನೆಲೆನಿಲ್ಲಿಸಿದರು. ನೇಗಿಲು ಹಿಡಿದವನಿಗೆ ನೆಲ ಸಿಕ್ಕಿತು. ನೆಲ ಸಿಕ್ಕವನು ಮತ್ತೆ ಪರದೇಶಿಯಲ್ಲ.

25,432 ತೋಳುಗಳು

ಆ ಕಾಲದಲ್ಲಿ ಹಳ್ಳಿಗಳನ್ನು ಬರಿದು ಮಾಡುತ್ತಿದ್ದ ರೋಗ ಸಿಡುಬು. ಜನ ಅದನ್ನು ‘ಅಮ್ಮ’ ಎಂದು ಕರೆದು, ಮಾರಿಯ ಕೋಪವೆಂದು ಹೆದರುತ್ತಿದ್ದರು. ಇಂಗ್ಲೆಂಡಿನ ವೈದ್ಯ ಎಡ್ವರ್ಡ್ ಜೆನ್ನರ್ 1798ರಲ್ಲಿ ಗೋಸಿಡುಬಿನ ದಾಕು ಹಾಕುವ ಕ್ರಮವನ್ನು ಪ್ರಕಟಿಸಿದ್ದರು. 1802ರ ಜೂನಿನಲ್ಲಿ ಅದು ಮುಂಬಯಿಗೆ ಬಂದು ಮುಟ್ಟಿತು.

ಆಗ ಮದ್ದನ್ನು ತಣ್ಣಗೆ ಇಡಲು ಪೆಟ್ಟಿಗೆಗಳಿರಲಿಲ್ಲ. ಒಬ್ಬ ಮಗುವಿನ ತೋಳಿಗೆ ದಾಕು ಹಾಕಿ, ಎಂಟು ದಿನಕ್ಕೆ ಗುಳ್ಳೆ ಬಲಿತಾಗ ಅದರ ರಸವನ್ನು ತೆಗೆದು ಮುಂದಿನವರ ತೋಳಿಗೆ ಹಾಕಬೇಕು. ತೋಳಿನಿಂದ ತೋಳಿಗೆ ಹೀಗೆ ಸಾಗಬೇಕು. ನಡುವೆ ಜನ ಒಪ್ಪದೆ ಸರಪಳಿ ಕಡಿದರೆ ಮದ್ದೇ ಇಲ್ಲವಾಗುತ್ತಿತ್ತು. ಒಂದು ಜಾತಿಯ ಮಗುವಿನ ರಸವನ್ನು ಇನ್ನೊಂದು ಜಾತಿಯ ಮಗುವಿನ ಮೈಗೆ ಸೇರಿಸಲು ಯಾವ ತಾಯಿ ಒಪ್ಪಿಯಾಳು? ಕೇಳುವವನೋ ಬಿಳಿಯ ಪರದೇಶಿ.

ಆದರೂ 1803-04ರಲ್ಲಿ ದುಬ್ವಾ ಅವರ ಮೇಲ್ವಿಚಾರಣೆಯಲ್ಲಿ ದಾಕು ಹಾಕಿಸಿಕೊಂಡು ದಾಖಲೆಗೆ ಸೇರಿದವರ ಸಂಖ್ಯೆ 25,432. ಅಷ್ಟು ತಾಯಿ ತಂದೆಯರು ಆ ಮನುಷ್ಯನನ್ನು ನಂಬಿ ಮಕ್ಕಳ ತೋಳು ಚಾಚಿದರು. ಹತ್ತು ವರ್ಷ ಅವರ ನಡುವೆ ಉಂಡು, ಉಟ್ಟು, ಮಲಗಿ ಗಳಿಸಿದ ನಂಬಿಕೆಯಿಲ್ಲದೆ ಇದು ಆಗುವ ಕೆಲಸವಲ್ಲ. ಅಂದು ಹೀಗೆ ಶುರುವಾದ ಹೋರಾಟ ಮುಗಿದದ್ದು 1980ರಲ್ಲಿ, ಸಿಡುಬು ಲೋಕದಿಂದಲೇ ತೊಲಗಿತೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿದಾಗ.

ಪುಸ್ತಕ, ಅದರ ಸಾಲ

ತಾವು ಕಂಡದ್ದನ್ನು ದುಬ್ವಾ ಫ್ರೆಂಚಿನಲ್ಲಿ ಬರೆಯುತ್ತಾ ಬಂದರು. ಮೈಸೂರಿನ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ ಅದನ್ನು ಮೆಚ್ಚಿದರು. 1807ರಲ್ಲಿ ಮದರಾಸಿನ ಗವರ್ನರ್ ವಿಲಿಯಂ ಬೆಂಟಿಂಕ್ ಆ ಹಸ್ತಪ್ರತಿಯನ್ನು ಈಸ್ಟ್ ಇಂಡಿಯಾ ಕಂಪನಿಗಾಗಿ 2,000 ವರಾಹ ಕೊಟ್ಟು ಕೊಂಡರು. 1816ರಲ್ಲಿ ಇಂಗ್ಲಿಷ್ ಅನುವಾದ ಬಂತು. ಅವರು ತಿದ್ದಿ ಬೆಳೆಸಿದ ಪಾಠವನ್ನು ಬೋಷಾಂ ಎಂಬವರು 1897ರಲ್ಲಿ ಇಂಗ್ಲಿಷಿನಲ್ಲಿ ಹೊರತಂದರು. ಇಂದಿಗೂ ಓದುಗರಿರುವ ಪುಸ್ತಕ ಅದು.

ಇಲ್ಲಿ ಒಂದು ಮಾತನ್ನು ಮುಚ್ಚಿಡಬಾರದು. ಈ ಪುಸ್ತಕದ ದೊಡ್ಡ ಭಾಗ ಅವರಿಗಿಂತ ಮುಂಚೆ ದಕ್ಷಿಣ ಭಾರತದಲ್ಲಿದ್ದ ಯೇಸುಸಭೆಯ ಗುರು ಗಾಸ್ತೋಂ ಲೊರಾಂ ಕೆರ್ದು ಅವರ ಬರಹವನ್ನು ಆಧರಿಸಿದೆ ಎಂದು ಫ್ರೆಂಚ್ ವಿದುಷಿ ಸಿಲ್ವಿಯಾ ಮ್ಯೂರ್ 1987ರಲ್ಲಿ ತೋರಿಸಿಕೊಟ್ಟರು. ದುಬ್ವಾ ಆ ಋಣವನ್ನು ಹೇಳಲಿಲ್ಲ. ಜಾತಿ ಪದ್ಧತಿಯನ್ನು ಸಮಾಜಕ್ಕೆ ಒಳಿತೆಂದು ಹೊಗಳಿದ್ದು, ನಮ್ಮ ಜನರ ಬಗ್ಗೆ ಕೆಲವೆಡೆ ಕಟುವಾಗಿ ಬರೆದದ್ದು ಕೂಡ ಆ ಪುಟಗಳಲ್ಲಿದೆ. ಒಂದೇ ಮನೆಯಲ್ಲಿ ಉಂಡ ಮಾತ್ರಕ್ಕೆ ಎಲ್ಲವನ್ನೂ ಸರಿಯಾಗಿ ಕಂಡೆವೆಂದು ಹೇಳಲಾಗದು. ನಮ್ಮ ಹಿರಿಯರನ್ನು ನೆನೆಯುವಾಗ ಅವರ ತಪ್ಪನ್ನೂ ಸೇರಿಸಿ ನೆನೆಯುವುದೇ ನ್ಯಾಯ.

ಸೋಲಿನ ಲೆಕ್ಕ

1823ರ ಜನವರಿಯಲ್ಲಿ ದುಬ್ವಾ ಭಾರತ ಬಿಟ್ಟರು. ಕಂಪನಿ ಅವರಿಗೆ ಪಿಂಚಣಿ ಕೊಟ್ಟಿತು. ಅದೇ ವರ್ಷ ಅವರ ಪತ್ರಗಳ ಪುಸ್ತಕ ಲಂಡನ್ನಿನಲ್ಲಿ ಪ್ರಕಟವಾಗಿ ಗದ್ದಲವೆದ್ದಿತು. ಇಷ್ಟು ವರ್ಷಗಳಲ್ಲಿ, ಈ ನಾಡಿನ ಒಬ್ಬ ಗುರುವಿನ ನೆರವೂ ಇದ್ದು, ತಾವು ಕ್ರೈಸ್ತ ವಿಶ್ವಾಸಕ್ಕೆ ಹೊಸದಾಗಿ ತಂದವರು ಒಟ್ಟು ಇನ್ನೂರರಿಂದ ಮುನ್ನೂರು ಮಂದಿ ಮಾತ್ರ ಎಂದು ಅದರಲ್ಲಿ ಬರೆದರು. ಅವರಲ್ಲಿ ಮೂರರಲ್ಲಿ ಎರಡು ಪಾಲು ಅಸ್ಪೃಶ್ಯರೆನಿಸಿಕೊಂಡವರು, ಭಿಕ್ಷೆ ಬೇಡುವವರು ಎಂದೂ ಹೇಳಿದರು. ಈ ನಾಡಿನ ಮೇಲ್ಜಾತಿಗಳು ಕ್ರೈಸ್ತರಾಗುವ ಸಾಧ್ಯತೆ ಮನುಷ್ಯ ಪ್ರಯತ್ನದಿಂದ ಇಲ್ಲವೆಂದು ಕೈಚೆಲ್ಲಿದರು. ಇಂಗ್ಲೆಂಡಿನ ಪ್ರೊಟೆಸ್ಟೆಂಟ್ ಮಿಷನರಿಗಳಾದ ಜೇಮ್ಸ್ ಹಫ್, ಹೆನ್ರಿ ಟೌನ್ಲಿ ಮರುವರ್ಷವೇ ಅವರಿಗೆ ಉತ್ತರವಾಗಿ ಪುಸ್ತಕ ಬರೆದರು.

ಮೂವತ್ತು ವರ್ಷ ಪರದೇಶದಲ್ಲಿ ಸವೆದ ಮನುಷ್ಯ ತನ್ನ ದುಡಿಮೆಯ ಲೆಕ್ಕವನ್ನು ಹೀಗೆ ಬಿಚ್ಚಿಡುವುದು ಸುಲಭವಲ್ಲ. ಹೊರದೇಶದಿಂದ ಬಂದವರು ಸಾಮಾನ್ಯವಾಗಿ ಗಳಿಸಿದ್ದನ್ನು ಹೇಳುತ್ತಾರೆ, ಕಳೆದುಕೊಂಡದ್ದನ್ನು ಹೇಳುವುದಿಲ್ಲ. ಆದರೆ ಅವರು ಸೋಲೆಂದು ಬರೆದ ಆ ಬಡವರ ಲೆಕ್ಕವನ್ನು ನಾವು ಸೋಲೆಂದು ಓದಬೇಕಾಗಿಲ್ಲ. ಯಾರಿಗೂ ಬೇಡವಾದವರನ್ನು ಹುಡುಕಿಕೊಂಡು ಹೋದ ಪ್ರಭುವಿನ ಬಳಿಯಲ್ಲೂ ಇದ್ದವರು ಅಂಥವರೇ ಅಲ್ಲವೇ? ಅವರು ಲೆಕ್ಕಕ್ಕೆ ಸೇರಿಸದೆ ಹೋದದ್ದೂ ಇದೆ: ದಾಕಿನಿಂದ ಉಳಿದ ಮಕ್ಕಳು, ನೆಲ ಸಿಕ್ಕ ಬೇಸಾಯಗಾರರು.

ಪ್ಯಾರಿಸ್ಸಿಗೆ ಮರಳಿದ ಮೇಲೆ ಅವರು 1836ರಿಂದ 1839ರವರೆಗೆ ತಮ್ಮ ಸಂಸ್ಥೆಯ ಶ್ರೇಷ್ಠರಾಗಿದ್ದರು. 1826ರಲ್ಲಿ ಪಂಚತಂತ್ರದ ಕಥೆಗಳನ್ನು ಫ್ರೆಂಚಿಗೆ ತಂದರು. ಅದಕ್ಕೆ ಆಧಾರವಾಗಿ ಇಟ್ಟುಕೊಂಡದ್ದು ತಮಿಳು, ತೆಲುಗು, ಕನ್ನಡದ ಪ್ರತಿಗಳನ್ನು. ನಮ್ಮ ಹಳ್ಳಿಯ ಜಗಲಿಯ ಮೇಲಿನ ನರಿ, ಕಾಗೆ, ಮೊಸಳೆಗಳು ಹೀಗೆ ಅವರ ಗಂಟಿನಲ್ಲಿ ಸೇರಿ ಪ್ಯಾರಿಸ್ಸಿಗೆ ಹೋದವು. 1848ರ ಫೆಬ್ರುವರಿ 17ರಂದು ಅವರು ಅಲ್ಲೇ ತೀರಿಕೊಂಡರು. ಐದು ದಿನಕ್ಕೆ ಪ್ಯಾರಿಸ್ಸಿನಲ್ಲಿ ಮತ್ತೊಂದು ಕ್ರಾಂತಿ ಆರಂಭವಾಯಿತು.

ನಮ್ಮ ಬಾಗಿಲಲ್ಲಿ

ಪ್ರಿಯ ಓದುಗರೇ, ಇಂದು ಹಾಸನ, ಚಿಕ್ಕಮಗಳೂರು, ಕೊಡಗಿನ ಕಾಫಿ ತೋಟಗಳಲ್ಲಿ ಅಸ್ಸಾಂ ಮುಂತಾದ ದೂರದ ನಾಡುಗಳಿಂದ ಬಂದವರು ದುಡಿಯುತ್ತಿದ್ದಾರೆ. ಅವರಿಗೆ ಕನ್ನಡ ಬಾರದು. ಅವರ ಊಟ ಬೇರೆ, ಹಬ್ಬ ಬೇರೆ. ಲೈನ್‌ಮನೆಯ ಬಾಗಿಲಲ್ಲಿ ಕುಳಿತು ಊರಿಗೆ ಫೋನು ಮಾಡುವ ಅವರನ್ನು ನಾವು ದಿನವೂ ನೋಡುತ್ತೇವೆ. ದುಬ್ವಾ ಅವರನ್ನು ನಮ್ಮ ಪೂರ್ವಿಕರು ಏನೆಂದು ನೋಡಿದರು? ಬಣ್ಣ ಬೇರೆ, ದೇಶ ಬೇರೆ, ಆದರೂ ಹೊಗೆ ತುಂಬಿದ ಆ ಗುಡಿಸಲುಗಳ ಬಾಗಿಲು ತೆರೆದರು. ಇದ್ದುದರಲ್ಲಿ ಬಡಿಸಿದರು. ಕೊನೆಗೆ ‘ದೊಡ್ಡ ಸ್ವಾಮಿ’ ಎಂದು ತಮ್ಮ ಭಾಷೆಯಲ್ಲೇ ಹೆಸರಿಟ್ಟುಕೊಂಡರು. ದುಬ್ವಾ ಅವರ ತ್ಯಾಗ ದೊಡ್ಡದು, ನಿಜ. ಅವರನ್ನು ಪರದೇಶಿಯಾಗಿ ಉಳಿಯಗೊಡದ ಆ ಹೆಸರಿಲ್ಲದ ಹಳ್ಳಿಗರ ಔದಾರ್ಯವೂ ಅಷ್ಟೇ ದೊಡ್ಡದು.

ದೂರದೇಶದಲ್ಲಿರುವ ನಮ್ಮ ಮಕ್ಕಳಿಗೆ ಅಂಥ ಬಾಗಿಲು ತೆರೆಯಲೆಂದು ನಾವು ದಿನವೂ ಪ್ರಾರ್ಥಿಸುತ್ತೇವೆ. ಈ ಹಬ್ಬದಂದು ಪಾಯಸ ಮಾಡುವಾಗ ಲೈನ್‌ಮನೆಗೂ ಒಂದು ಪಾತ್ರೆ ಕಳುಹಿಸೋಣ.