ಹೇಮಾವತಿಯ ಹಿನ್ನೀರಿನಲ್ಲಿ ಒಂದು ಊರು

ಶನಿವಾರ ಮುಂಜಾನೆ ಬೆಂಗಳೂರಿನಿಂದ ಕುಣಿಗಲ್, ಚನ್ನರಾಯಪಟ್ಟಣಗಳ ಮಾರ್ಗವಾಗಿ ಹಾಸನದತ್ತ ಸಾಗುವ ವಾಹನಗಳ ಸಾಲನ್ನು ನೀವು ಕಂಡಿರಬಹುದು. ಅವುಗಳಲ್ಲೊಂದರಲ್ಲಿ ನೀವೇ ಕುಳಿತಿದ್ದಿರಲೂಬಹುದು. ಕೆಲವರು ಬೇಲೂರು ಹಳೇಬೀಡುಗಳಿಗೆ, ಕೆಲವರು ಸಕಲೇಶಪುರದ ಕಾಫಿ ತೋಟಗಳಿಗೆ ಹೋಗುತ್ತಾರೆ. ಇನ್ನು ಕೆಲವರು ಹಾಸನದಿಂದ ಸುಮಾರು 20 ಕಿ.ಮೀ. ದೂರದ ಶೆಟ್ಟಿಹಳ್ಳಿಯ ದಾರಿ ಹಿಡಿಯುತ್ತಾರೆ. ಅಲ್ಲಿ ಹೇಮಾವತಿಯ ಹಿನ್ನೀರಿನ ಅಂಗಳದಲ್ಲಿ ಛಾವಣಿಯಿಲ್ಲದ ದೇವಾಲಯವೊಂದು ನಿಂತಿದೆ. ಬೇಸಿಗೆಯಲ್ಲಿ ಅದರ ಬಾಗಿಲವರೆಗೂ ನಡೆದು ಹೋಗಬಹುದು. ಒಳ್ಳೆಯ ಮಳೆಯಾದ ವರ್ಷ ಅದರ ಗೋಡೆಗಳು ನೀರಿನಲ್ಲಿ ಮುಳುಗಿ, ಚೂಪು ಕಮಾನುಗಳು ಮಾತ್ರ ಮೇಲೆ ಕಾಣುತ್ತವೆ. ‘ಮುಳುಗುವ ಚರ್ಚು’ ಎಂದು ಅದಕ್ಕೆ ಹೆಸರಾಗಿದೆ. ಮದುವೆ ನಿಶ್ಚಯವಾದ ಜೋಡಿಗಳು ಅಲ್ಲಿಗೆ ಛಾಯಾಗ್ರಾಹಕರೊಡನೆ ಬರುತ್ತಾರೆ.

ಬರುವವರನ್ನು ನಾನು ಆಕ್ಷೇಪಿಸಲಾರೆ. ಸೌಂದರ್ಯವನ್ನು ಅರಸಿ ಹೊರಡುವುದು ತಪ್ಪಲ್ಲ. ನಾನೂ ನಮ್ಮ ಧರ್ಮಕೇಂದ್ರದ ಯುವಜನರನ್ನು ಕರೆದುಕೊಂಡು ಹೋದವನೇ. ಆದರೆ ಅಲ್ಲಿ ನಿಂತಾಗ ನನ್ನೊಡನಿದ್ದ ಹುಡುಗನೊಬ್ಬ ಕೇಳಿದ ಪ್ರಶ್ನೆ ನನ್ನನ್ನು ಬಿಡದೆ ಹಿಂಬಾಲಿಸಿತು: “ಫಾದರ್, ಊರೇ ಇಲ್ಲದ ಕಡೆ ಇಷ್ಟು ದೊಡ್ಡ ಚರ್ಚನ್ನು ಯಾಕೆ ಕಟ್ಟಿದರು?”

ಊರು ಇತ್ತು. ಆ ಊರಿನ ಕಥೆಗೆ ಬಹು ಹಿಂದಿನಿಂದಲೇ ಬರಬೇಕು. ಮೈಸೂರು ಸೀಮೆಯಲ್ಲಿ ಕ್ರೈಸ್ತ ಧರ್ಮದ ಬೇರುಗಳು 17ನೆಯ ಶತಮಾನದವು. ಇಟಲಿಯ ಯೇಸುಸಭೆಯ ಗುರು ಲಿಯೊನಾರ್ಡೊ ಚಿನ್ನಾಮಿಯವರು 1648ರ ಸುಮಾರಿಗೆ ಶ್ರೀರಂಗಪಟ್ಟಣಕ್ಕೆ ಬಂದು, ಕನ್ನಡವನ್ನು ಕಲಿತು, ಕನ್ನಡದಲ್ಲಿಯೇ ಬರೆದರು. 1773ರಲ್ಲಿ ಯೇಸುಸಭೆಯು ರದ್ದಾದ ಬಳಿಕ ಈ ಸೀಮೆಯ ಹೊಣೆಯು ಪ್ಯಾರಿಸ್ ವಿದೇಶ ಮಿಷನ್ ಸಂಸ್ಥೆಯ ಫ್ರೆಂಚ್ ಗುರುಗಳ ಪಾಲಿಗೆ ಬಂದಿತು. ಅವರಲ್ಲಿ ಅಬ್ಬೆ ದುಬುವಾ ಅವರ ಹೆಸರನ್ನು ನೀವು ಕೇಳಿರಬಹುದು. ಭಾರತೀಯರ ಆಚಾರ ವಿಚಾರಗಳ ಬಗ್ಗೆ ಅವರು ಬರೆದ ಗ್ರಂಥದ ಹಸ್ತಪ್ರತಿಯನ್ನು ಈಸ್ಟ್ ಇಂಡಿಯಾ ಕಂಪನಿಯೇ ಹಣ ಕೊಟ್ಟು ಕೊಂಡಿತು. 1816ರಲ್ಲಿ ಅದು ಇಂಗ್ಲಿಷಿನಲ್ಲಿ ಅಚ್ಚಾಯಿತು. ಆ ಗ್ರಂಥದ ಎಲ್ಲ ಅಭಿಪ್ರಾಯಗಳನ್ನೂ ಇಂದು ಒಪ್ಪಲು ಸಾಧ್ಯವಿಲ್ಲ. ನನಗಂತೂ ಆ ಪುಸ್ತಕಕ್ಕಿಂತ ಅವರು ಹಾಸನ ಸೀಮೆಯಲ್ಲಿ ಮಾಡಿದ ಕೆಲಸವೇ ದೊಡ್ಡದಾಗಿ ಕಾಣುತ್ತದೆ.

1799ರ ಯುದ್ಧದ ನಂತರ ಮೈಸೂರಿನ ಕ್ರೈಸ್ತರು ಚದುರಿಹೋಗಿದ್ದರು. ದುಬುವಾ ಅವರು ಶ್ರೀರಂಗಪಟ್ಟಣಕ್ಕೆ ಬಂದು ಅವರನ್ನು ಒಂದುಗೂಡಿಸಿದರು. ಬಡವರಾದ ಆ ಜನರಿಗೆ ಉಪದೇಶವೊಂದೇ ಸಾಲದು, ಉಳಲು ನೆಲವೂ ಬೇಕೆಂದು ಅರಿತು ಬೇಸಾಯದ ವಸಾಹತುಗಳನ್ನು ಸ್ಥಾಪಿಸಿದರು. ಹಾಸನದ ಬಳಿಯ ಸಾತಳ್ಳಿಯೇ ಅವುಗಳಲ್ಲಿ ಮುಖ್ಯವಾದುದು. ಸಿಡುಬಿನ ವಿರುದ್ಧ ಆಗತಾನೇ ಬಂದಿದ್ದ ದಾಕು ಹಾಕುವ ವಿಧಾನವನ್ನು ಅವರು ಹಳ್ಳಿ ಹಳ್ಳಿಗೂ ಒಯ್ದರು. 1803-04ರಲ್ಲಿ, ಎಂಟೇ ತಿಂಗಳಲ್ಲಿ, ಅವರೂ ಅವರ ಸಹಾಯಕರೂ 25,432 ಜನರಿಗೆ ದಾಕು ಹಾಕಿದರೆಂದು ದಾಖಲೆ ಹೇಳುತ್ತದೆ. ರಸ್ತೆಯೂ ವಾಹನವೂ ಇಲ್ಲದ ಕಾಲದ ಲೆಕ್ಕವಿದು! ಜನ ಅವರನ್ನು ‘ದೊಡ್ಡ ಸ್ವಾಮಿಯವರು’ ಎಂದು ಕರೆದರು.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಶೆಟ್ಟಿಹಳ್ಳಿಯ ದೇವಾಲಯವನ್ನು ಕಟ್ಟಿಸಿದವರೂ ಅಬ್ಬೆ ದುಬುವಾ ಅವರೇ ಎಂದು ಬರೆಯುವವರುಂಟು. ಅದು ಸರಿಯಲ್ಲ. ಅವರು 1823ರಲ್ಲಿ ಭಾರತವನ್ನು ಬಿಟ್ಟು ಹೋದರು; 1848ರಲ್ಲಿ ಪ್ಯಾರಿಸ್ಸಿನಲ್ಲಿ ತೀರಿಕೊಂಡರು. ಇಂದು ನಾವು ನೋಡುವ ಜಪಮಾಲೆ ಮಾತೆಯ ದೇವಾಲಯವಾದರೋ 1860ರ ದಶಕದ್ದು. ಮೈಸೂರು ಪ್ರಾಂತ್ಯಕ್ಕೆ ಧರ್ಮಾಧ್ಯಕ್ಷ ಶಾರ್ಬೊನೊ ಅವರು ಹಿರಿಯರಾಗಿದ್ದ ಕಾಲದ್ದು. ಶ್ರೀಮಂತ ಆಂಗ್ಲ ತೋಟದ ಮಾಲೀಕರಿಗಾಗಿಯೇ ಅದನ್ನು ಕಟ್ಟಿದರೆಂಬ ಇನ್ನೊಂದು ಮಾತು ಪ್ರವಾಸಿ ಕೈಪಿಡಿಗಳಲ್ಲಿ ಸುತ್ತಾಡುತ್ತಿದೆ. ತೋಟದ ದೊರೆಗಳೂ ಅಲ್ಲಿಗೆ ಬಂದು ಮೊಣಕಾಲೂರಿದ್ದರೆ ಊರಲಿ. ನಮ್ಮ ಸೀಮೆಯ ಯಾವುದೇ ದೇವಾಲಯವೂ ಅಪರೂಪಕ್ಕೆ ಬರುವ ಅತಿಥಿಗಳಿಂದ ನೂರು ವರ್ಷ ಬಾಳುವುದಿಲ್ಲ. ಪ್ರತಿದಿನ ಕಸ ಗುಡಿಸುವ, ದೀಪ ಹಚ್ಚುವ ಊರಿನವರಿಂದ ಬಾಳುತ್ತದೆ. ಗಾರೆಗೆ ಸುಣ್ಣದೊಡನೆ ಬೆಲ್ಲ, ಮೊಟ್ಟೆಗಳನ್ನು ಬೆರೆಸಿದ್ದರೆಂದು ಹಿರಿಯರು ಹೇಳುತ್ತಾರೆ. ವರ್ಷವರ್ಷವೂ ತಿಂಗಳುಗಟ್ಟಲೆ ನೀರಿನಲ್ಲಿ ನೆನೆದು, ಮತ್ತೆ ಬಿಸಿಲಿನಲ್ಲಿ ಒಣಗುವ ಆ ಗೋಡೆಗಳನ್ನು ನೋಡಿದರೆ ಅವರ ಮಾತನ್ನು ನಂಬಬೇಕೆನಿಸುತ್ತದೆ.

ಓದುಗರೇ, ಅಂತಹ ಊರೊಂದರ ವರ್ಷ ಹೇಗೆ ಉರುಳುತ್ತಿತ್ತೆಂಬುದನ್ನು ಸ್ವಲ್ಪ ಊಹಿಸಿಕೊಳ್ಳಿ. ಮೈಸೂರು ಸೀಮೆಯ ಹಳೆಯ ಕ್ರೈಸ್ತ ಹಳ್ಳಿಗಳಲ್ಲಿ ಎರಡು ಪಂಚಾಂಗಗಳು ಜೊತೆಜೊತೆಗೆ ನಡೆಯುತ್ತಿದ್ದವು. ಒಂದು ಧರ್ಮಸಭೆಯದು: ತಪಸ್ಸುಕಾಲ, ಪಾಸ್ಖ, ಮಾತೆಯ ಹಬ್ಬಗಳು, ನವೆಂಬರಿನಲ್ಲಿ ಸಮಾಧಿಗಳ ಆಶೀರ್ವಾದ. ಇನ್ನೊಂದು ಮಳೆ ನಕ್ಷತ್ರಗಳದು. ಪುಷ್ಯ, ಆಶ್ಲೇಷ ಮಳೆಗಳು ಹಿಡಿದು ಸುರಿದಾಗ ಹೊಳೆ ತುಂಬುವುದು. ಗದ್ದೆಯಲ್ಲಿ ನಾಟಿ, ಹೊಲದಲ್ಲಿ ರಾಗಿ. ಸುಗ್ಗಿ ಮುಗಿದು ಕಣದಲ್ಲಿ ರಾಶಿ ಬಿದ್ದ ಮೇಲೆ ಕೈಗೆ ಬಿಡುವು, ಮನೆಗೆ ನೆಂಟರು, ಊರಿಗೆ ತೇರು. ದೀಪಗಳಿಂದ ಸಿಂಗರಿಸಿದ ತೇರು ಬೀದಿಯಲ್ಲಿ ಬಂದಾಗ ಬೇರೆ ಧರ್ಮದವರೂ ಬಾಗಿಲಲ್ಲಿ ಕಾದು ನಿಂತು ಹೂವನ್ನು ಅರ್ಪಿಸುವುದನ್ನು ಎಷ್ಟೋ ಊರುಗಳಲ್ಲಿ ನಾನು ಕಣ್ಣಾರೆ ಕಂಡಿದ್ದೇನೆ. ಕೈಗಡಿಯಾರವಿಲ್ಲದ ರೈತನಿಗೆ ದೇವಾಲಯದ ಗಂಟೆಯೇ ಗಡಿಯಾರ. ಮಧ್ಯಾಹ್ನದ ತ್ರಿಕಾಲ ಪ್ರಾರ್ಥನೆಯ ಗಂಟೆ ಬಾರಿಸಿದರೆ ಎತ್ತುಗಳ ಕೊರಳಿನ ನೊಗವೂ ಇಳಿಯುತ್ತಿತ್ತು.

ಮುಂದೆ ಅಣೆಕಟ್ಟು ಬಂದಿತು. ಮೂಡಿಗೆರೆ ತಾಲ್ಲೂಕಿನ ಬಲ್ಲಾಳರಾಯನದುರ್ಗದ ಬಳಿ ಹುಟ್ಟಿ, ಕನ್ನಂಬಾಡಿಯ ಜಲಾಶಯದಲ್ಲಿ ಕಾವೇರಿಯನ್ನು ಕೂಡುವ ಹೇಮಾವತಿಗೆ ಗೊರೂರಿನಲ್ಲಿ ಕಟ್ಟೆ ಕಟ್ಟಿದರು. ಇದೇ ಗೊರೂರು ‘ಹಳ್ಳಿಯ ಚಿತ್ರಗಳು’ ಬರೆದ ರಾಮಸ್ವಾಮಿ ಅಯ್ಯಂಗಾರರ ಊರು. 1979ರಲ್ಲಿ ಕಟ್ಟೆ ಪೂರ್ಣಗೊಂಡಿತು. ಗರಿಷ್ಠ ಮಟ್ಟವು ಸಮುದ್ರ ಮಟ್ಟದಿಂದ 2,922 ಅಡಿ, ಸಂಗ್ರಹ ಸುಮಾರು 37 ಟಿಎಂಸಿ. ಇಂಜಿನಿಯರರ ನಕ್ಷೆಯಲ್ಲಿ ಆ 2,922 ಅಡಿಯದು ಒಂದು ಗೆರೆ ಮಾತ್ರ. ಗೆರೆಯ ಒಳಗೆ ಬಿದ್ದ ಊರುಗಳಿಗೆ ಅದು ಗಂಗಳ, ಗುದ್ದಲಿ, ದನಕರುಗಳೊಂದಿಗೆ ಹೊರಡಬೇಕಾದ ಅಪ್ಪಣೆ. ಶೆಟ್ಟಿಹಳ್ಳಿಯವರೂ ಹೊರಟರು. ಪರಿಹಾರ, ಬದಲಿ ಭೂಮಿ ಎಂಬ ಮಾತುಗಳು ಪ್ರತಿ ಅಣೆಕಟ್ಟಿನ ಕಥೆಯಲ್ಲೂ ಇವೆ. ಆದರೆ ತಾತನ ಸಮಾಧಿಗೆ ಬದಲಿ ಭೂಮಿಯನ್ನು ಯಾವ ಕಚೇರಿ ಮಂಜೂರು ಮಾಡೀತು?

ಕಟ್ಟೆ ಕಟ್ಟಬಾರದಾಗಿತ್ತು ಎಂದು ನಾನು ಹೇಳುತ್ತಿಲ್ಲ. ತುಮಕೂರಿನವರೆಗೆ ಹರಿಯುವ ನಾಲೆಗಳನ್ನೂ ಅವು ನೆನೆಸುವ ಹೊಲಗಳನ್ನೂ ನೋಡಿದವರು ಹಾಗೆ ಹೇಳಲಾರರು. ಹಾಗಾದರೆ ಲೆಕ್ಕವನ್ನು ಪೂರ್ತಿಯಾಗಿಯೇ ಹಾಕೋಣ. ಗೊರೂರಿನಿಂದ ನದಿಗೆ ಬಿಟ್ಟ ಹೇಮಾವತಿಯ ನೀರು ಕನ್ನಂಬಾಡಿಗೆ ಹೋಗುತ್ತದೆ. ಅಲ್ಲಿಂದ ಕೆಳಗೆ ಹರಿದ ಕಾವೇರಿಯ ನೀರು 1974ರಿಂದ ಬೆಂಗಳೂರಿನ ನಲ್ಲಿಗಳಲ್ಲಿ ಬರುತ್ತಿದೆ. ಬೆಂಗಳೂರಿನಿಂದ ಶೆಟ್ಟಿಹಳ್ಳಿಯನ್ನು ನೋಡಲು ಬರುವವನು ಮನೆಯಿಂದ ತುಂಬಿಸಿ ತಂದ ಬಾಟಲಿಯಲ್ಲಿ ಆ ಊರಿನ ಮೇಲೆ ನಿಂತಿದ್ದ ನೀರಿನ ಪಾಲೂ ಇದ್ದೀತು. ಅವನು ಅಪರಿಚಿತ ಸ್ಥಳಕ್ಕೆ ಬಂದಿಲ್ಲ, ತನ್ನ ನೀರಿನ ಸಾಲಗಾರನ ಮನೆಯಂಗಳಕ್ಕೆ ಬಂದಿದ್ದಾನೆ.

ಹೀಗೆ ನೀರಿಗೆ ಸಂದ ಆರಾಧನಾ ಸ್ಥಳ ಇದೊಂದೇ ಅಲ್ಲ. 1911ರಲ್ಲಿ ಆರಂಭವಾದ ಕೃಷ್ಣರಾಜಸಾಗರದ ಹಿನ್ನೀರಿನಲ್ಲಿ ಕನ್ನಂಬಾಡಿಯ ಪುರಾತನ ವೇಣುಗೋಪಾಲಸ್ವಾಮಿ ದೇವಸ್ಥಾನ ಮುಳುಗಿತು. ಬರಗಾಲದಲ್ಲಿ ನೀರಿಳಿದಾಗ ಅದು ಮೇಲೆ ಕಾಣುತ್ತಿತ್ತು. ನಮ್ಮ ಕಾಲದಲ್ಲಿ ಅದರ ಕಲ್ಲುಗಳನ್ನು ಒಂದೊಂದಾಗಿ ಬಿಚ್ಚಿ ತಂದು ಹಿನ್ನೀರಿನ ದಡದಲ್ಲಿ ಮತ್ತೆ ಜೋಡಿಸಿದರು. ಕಲ್ಲಿನ ಕಟ್ಟಡಕ್ಕೆ ಆ ಭಾಗ್ಯವುಂಟು. ಇಟ್ಟಿಗೆ ಗಾರೆಯ ಶೆಟ್ಟಿಹಳ್ಳಿಯನ್ನು ಹಾಗೆ ಬಿಚ್ಚಿ ಜೋಡಿಸಲಾಗದು. ಪ್ರತಿ ಮಳೆಗಾಲವೂ ಅದರಿಂದ ಸ್ವಲ್ಪ ಸ್ವಲ್ಪವನ್ನು ಕಸಿದುಕೊಳ್ಳುತ್ತಿದೆ. ಉಳಿದುದರ ಮೇಲೆ ಬಂದವರು ಇದ್ದಿಲಿನಿಂದ, ಮೊಳೆಯಿಂದ ತಮ್ಮ ಹೆಸರುಗಳನ್ನು ಕೆತ್ತಿದ್ದಾರೆ. ಊರಿನವರ ಹೆಸರು ಮಾತ್ರ ಅಲ್ಲಿ ಎಲ್ಲಿಯೂ ಇಲ್ಲ.

ಇನ್ನೊಂದು ಸಂಗತಿಯನ್ನು ನಾನು ತಡವಾಗಿ ಗಮನಿಸಿದೆ. ಜಪಮಾಲೆ ಮಾತೆಯ ಹಬ್ಬ ಅಕ್ಟೋಬರ್ 7ರಂದು. ಹಸ್ತ ಮಳೆಯ ಆ ದಿನಗಳಲ್ಲಿ, ವರ್ಷ ಚೆನ್ನಾಗಿದ್ದರೆ, ಜಲಾಶಯವು ತುಂಬಿರುತ್ತದೆ. ಯಾರ ಹೆಸರಿನಲ್ಲಿ ದೇವಾಲಯ ನಿಂತಿದೆಯೋ ಆ ಮಾತೆಯ ಹಬ್ಬದ ದಿನವೇ ಅದರ ಬಾಗಿಲಿಗೆ ನಡೆದು ಹೋಗುವ ದಾರಿಯಿಲ್ಲ. ಪೂಜಾಪೀಠವಿದ್ದ ಜಾಗದಲ್ಲಿ ಮೀನು ಓಡಾಡುತ್ತದೆ.

ಅಂದು ನಮ್ಮ ಹುಡುಗನ ಪ್ರಶ್ನೆಗೆ ಉತ್ತರ ಕೊಟ್ಟವನು ನಾನಲ್ಲ. ದಡದಲ್ಲಿ ದನ ಮೇಯಿಸುತ್ತಿದ್ದ ವೃದ್ಧರೊಬ್ಬರು ನನ್ನ ಬಿಳಿ ನಿಲುವಂಗಿಯನ್ನು ಕಂಡು ಹತ್ತಿರ ಬಂದರು. “ಸ್ವಾಮಿ, ಎಲ್ಲರೂ ಗೋಡೆ ನೋಡಿ ಹೋಗ್ತಾರೆ” ಎಂದರು. ಆಮೇಲೆ ಕೈಯ ಕೋಲನ್ನು ಎತ್ತಿ, ಬಿರುಕು ಬಿಟ್ಟ ಕೆಸರಿನ ಬಯಲಿನ ಕಡೆಗೆ ತೋರಿಸುತ್ತ ಹುಡುಗನಿಗೆ ಹೇಳತೊಡಗಿದರು: “ಅಲ್ಲಿ ನಮ್ಮ ಕಣ. ಅದರ ಪಕ್ಕ ಹುಣಸೆಮರ. ಮರ ದಾಟಿದ್ರೆ ನಮ್ಮ ಅಣ್ಣನ ಮನೆ. ತೇರು ಅಲ್ಲೇ ತಿರುಗ್ತಿತ್ತು ಕಣಪ್ಪಾ.” ಹುಡುಗ ಮೊಬೈಲನ್ನು ಜೇಬಿಗೆ ಹಾಕಿಕೊಂಡು, ಕೋಲು ತೋರಿಸಿದ ಕಡೆಗೇ ಬಹಳ ಹೊತ್ತು ನೋಡುತ್ತಿದ್ದ.